ಬಣ್ಣದ ಕೆಳಗಿನ ವೆಲ್ಡಿಂಗ್

ಪೂರ್ವ ಲಾಸ್ ಏಂಜಲೀಸ್
ಜುಲೈ 21, 1996, ಭಾನುವಾರ

ಮುದ್ದು ಮಗಳು ಮಾರಿಸೆಲಾಗೆ ನಿನ್ನಪ್ಪನ ಆಶೀರ್ವಾದ.

ಮೊದಲು ಬೈದುಬಿಡು, ಆಮೇಲೆ ಓದು. ನಿನ್ನ ಮೂರು ಕಾಗದ ಬಂದು ಕೂತಿವೆ, ಒಂದಕ್ಕೂ ಉತ್ತರ ಬರೆದಿಲ್ಲ. ಬೆರಳು ನೋವು ಅಂತ ಸುಳ್ಳು ಹೇಳಬಹುದಿತ್ತು. ನಿಜ ಏನಂದ್ರೆ ಪೆನ್ನು ಹಿಡಿದು ಕೂತಾಗಲೆಲ್ಲ ಏನೋ ಒಂದು ಕೆಲಸ ನೆನಪಾಗಿ ಎದ್ದು ಹೋಗ್ತಿದ್ದೆ. ನಿಮ್ಮ ಹಡಗು ಇನ್ನೂ ಜಪಾನಿನ ಬಂದರಲ್ಲೇ ನಿಂತಿದೆಯಾ, ಇಲ್ಲಾ ಹೊರಟಿತಾ? ನೌಕಾಪಡೆಯ ಅಡುಗೆಗೆ ಉಪ್ಪು ಖಾರ ಏನೂ ಇರಲ್ಲ ಅಂತ ಬರೆದಿದ್ದೆ. ಒಣಮೆಣಸಿನಕಾಯಿ ಒಂದು ಕಟ್ಟು ಕಳಿಸಿದ್ದೀನಿ, ಸೀನಿಕೊಂಡೇ ಬಿಚ್ಚು.

ನಿನ್ನ ತಂಗಿ ಚಾಯೋ ಚೆನ್ನಾಗಿದ್ದಾಳೆ. ನೀನು ಕಳಿಸಿದ ಶೂ ಅವಳ ಕಾಲಿಗೆ ಸರಿಯಾಗಿ ಕೂತಿದೆ. ಎಡಗಾಲಿನ ಅಟ್ಟೆ ಎರಡು ಬೆರಳು ದಪ್ಪ ಇರೋದು ದೂರದಿಂದ ಗೊತ್ತೇ ಆಗಲ್ಲ. ಅದನ್ನ ಹಾಕ್ಕೊಂಡು ಅಡುಗೆಮನೆಯಲ್ಲಿ ಒಂದು ಸುತ್ತು ಕುಣಿದಳು. ನಂಗೆ ಕಣ್ಣು ತುಂಬಿ ಬಂತು, ಈರುಳ್ಳಿ ಹೆಚ್ತಿದ್ದೀನಿ ಅಂದೆ. ಕೈಯಲ್ಲಿ ಈರುಳ್ಳಿ ಇರಲಿಲ್ಲ.

ಈಗ ವಿಷಯ. ನಮ್ಮ ಸೈಕಲ್ ಕ್ಲಬ್ಬಿನಲ್ಲಿ ಯುದ್ಧ ಶುರುವಾಗಿದೆ. ಶುರು ಮಾಡಿದ್ದು ಎಲೀಸಿಯೊ. ಎಷ್ಟೋ ವರ್ಷದ ಹಿಂದೆ ನಾನು ಕೂಡಿಸಿಕೊಟ್ಟ ಚೌಕಟ್ಟಿಗೆ ಈಗ ಸಿಂಗಾರ ಮುಗಿಸಿದ್ದಾನೆ, ಆ ಹೊಸ ಸೈಕಲ್ ನೀನು ನೋಡಬೇಕಿತ್ತು. ಹೆಸರು 'ಮಹಾರಾಣಿ'. ಹಗ್ಗದ ಹಾಗೆ ತಿರುಚಿದ ಕಂಬಿಗಳು, ಒಂದೊಂದು ಚಕ್ರಕ್ಕೂ ನೂರ ನಲವತ್ತನಾಲ್ಕು ಕಡ್ಡಿ, ಮೂವತ್ತಾರು ಕನ್ನಡಿ, ದ್ರಾಕ್ಷಿ ಬಣ್ಣದ ವೆಲ್ವೆಟ್ ಸೀಟು. ಸೀಟಿನ ಹಿಂದೆ ಪುಟಾಣಿ ಕಾರಂಜಿ ಬೇರೆ. ನಿಜವಾಗಿ ನೀರು ಚಿಮ್ಮುತ್ತೆ! ಹ್ಯಾಂಡಲ್ಲು ಎಷ್ಟು ಎತ್ತರ ಅಂದ್ರೆ ಹಿಡ್ಕೊಂಡವನು ಪೊಲೀಸರಿಗೆ ಶರಣಾದವನ ಹಾಗೆ ಕಾಣ್ತಾನೆ. ತಳ ಎಷ್ಟು ತಗ್ಗು ಅಂದ್ರೆ ತಿರುವಿನಲ್ಲಿ ಪೆಡಲು ನೆಲಕ್ಕೆ ಉಜ್ಜುತ್ತೆ.

ಇವತ್ತು ಚರ್ಚಿನಲ್ಲಿ ಪೂಜೆ ಮುಗಿಸಿ ಎಲ್ಲರೂ ಎಂದಿನ ಹಾಗೆ ಎವರಾರ್ದೊನ ಕ್ಷೌರದಂಗಡಿಯಲ್ಲಿ ಸೇರಿದ್ವಿ. ಈಗ ಅವನೇ ನಮ್ಮ ಅಧ್ಯಕ್ಷ. ಮಹಾರಾಣಿಯನ್ನ ಸುತ್ತಿ ಸುತ್ತಿ ನೋಡಿ ಕೇಳಿದ, "ಇದನ್ನ ಓಡಿಸ್ಕೊಂಡು ಬಂದ್ಯೇನಯ್ಯಾ?"

"ವ್ಯಾನಲ್ಲಿ ತಂದೆ."

"ಇಳಿಸಿದ್ದು?"

"ನನ್ನ ತಮ್ಮ, ಭಾವಮೈದ, ಪಕ್ಕದ ಮನೆಯವರು."

"ಹಾಗಾದ್ರೆ ಇದು ಸೈಕಲ್ಲಲ್ಲ, ಬೀರು."

ಟೋನ್ಯಾ ಸುಮ್ಮನಿರ್ತಾಳಾ? ಆ ಸೀಟು ಹೊಲಿದಿದ್ದೇ ಅವಳು. ಚರ್ಚಿನಲ್ಲಿ ಚಾಯೋಗೆ ಹೆಸರಿಟ್ಟಾಗ ಜ್ಞಾನತಾಯಿಯಾಗಿ ನಿಂತ ದಿನದಿಂದ ನೋಡ್ತಿದ್ದೀನಿ, ಅವಳ ಸೂಜಿಗಿಂತ ನಾಲಿಗೆ ಚೂಪು. "ಬೀರು ಆದ್ರೆ ಚೆಂದದ ಬೀರು. ಮದುವಣಗಿತ್ತಿ ಗೌನು ಹಾಕ್ಕೊಂಡು ಯಾರಾದ್ರೂ ಬಸ್ಸಿಗೆ ಓಡ್ತಾರಾ? ಎಲ್ಲಕ್ಕೂ ಉಪಯೋಗ ಕೇಳ್ತೀಯಲ್ಲ, ನಿನ್ನ ಮೀಸೆ ಯಾವ ಉಪಯೋಗಕ್ಕೆ ಹೇಳು."

"ಮೀಸೆ ನನ್ನ ಜೊತೆ ನಡ್ಕೊಂಡು ಬರುತ್ತೆ ತಾಯಿ, ವ್ಯಾನಲ್ಲಿ ತರಬೇಕಾಗಿಲ್ಲ."

ಎಲ್ಲರೂ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ಆಮೇಲೆ ನಗು ನಿಂತಿತು. ಎವರಾರ್ದೊ ಗೋಡೆಗೆ ಒಂದು ಹಾಳೆ ಅಂಟಿಸಿದ. ಆಗಸ್ಟ್ ಹದಿನೆಂಟರ ಮೆರವಣಿಗೆಗೆ ಹೊಸ ನಿಯಮ. ಪ್ರತಿಯೊಂದು ಸೈಕಲ್ಲನ್ನೂ ಜನ ಹತ್ತಿ, ಚರ್ಚಿನಿಂದ ಪಾರ್ಕಿನ ತನಕ, ಆ ಇಳಿಜಾರು ಬೀದಿಯಲ್ಲೇ ಓಡಿಸಬೇಕು. ಓಡದೇ ಇದ್ದ ಸೈಕಲ್ಲಿನವರು ಅದಕ್ಕೆ ಹಾಕಿರೋ ಕ್ಲಬ್ಬಿನ ಹೆಸರಿನ ಫಲಕ ವಾಪಸು ಕೊಡಬೇಕು. ಜೊತೆಗೆ ಮುಂದಿನ ಬ್ರೇಕು ಕಡ್ಡಾಯ. "ನಾಲ್ಕು ವರ್ಷದ ಹಿಂದೆ ಆಗಿದ್ದು ಇನ್ನೊಂದ್ಸಲ ಆಗಬಾರದು" ಅಂದ. ಏಳು ಕೈ ಪರ, ನಾಲ್ಕು ಕೈ ವಿರುದ್ಧ. ನಿಯಮ ಪಾಸಾಯ್ತು.

ನಿನ್ನ ಹೆಸರು ಯಾರೂ ಎತ್ತಲಿಲ್ಲ ಕೂಸೇ. ಎತ್ತದೇ ನನ್ನ ಮುಖ ನೋಡಿದರಲ್ಲ, ಅದು ಹೆಚ್ಚು ಚುಚ್ಚಿತು. ತಂತಿ ಬಣ್ಣಕ್ಕೆ ಅಡ್ಡ ಬರುತ್ತೆ ಅಂತ ನೀನು ನಿನ್ನ ಸೈಕಲ್ 'ಚಾಡಿಕೋರಿ'ಯ ಮುಂದಿನ ಬ್ರೇಕು ಕಿತ್ತುಹಾಕಿದ್ದು, ತಂಗಿಗೆ ಅದನ್ನ ಕೊಟ್ಟಿದ್ದು, ಅವಳು ಅದೇ ಇಳಿಜಾರಿನಲ್ಲಿ ನಿಲ್ಲಿಸಕ್ಕಾಗದೆ ಔಷಧಿ ಅಂಗಡಿಯ ಗೋಡೆಗೆ ಹೊಡೆದದ್ದು, ಇದೆಲ್ಲ ಇಲ್ಲಿ ಎಲ್ಲರ ಬಾಯಲ್ಲೂ ಪಾಠದ ಹಾಗೆ ಕೂತುಬಿಟ್ಟಿದೆ. ಅಂದಕ್ಕೆ ಬಿದ್ದರೆ ಏನಾಗುತ್ತೆ ಅನ್ನೋದಕ್ಕೆ ನಿನ್ನನ್ನೇ ತೋರಿಸ್ತಾರೆ.

ಇವತ್ತು ಕೊನೆಗೂ ಪೆನ್ನು ಹಿಡಿದು ಕೂತಿದ್ದು ಇನ್ನೊಂದು ಕಾರಣಕ್ಕೆ. ನಿಂಗೆ ಮಾತ್ರ ಹೇಳ್ತೀನಿ. ಈ ಕ್ಲಬ್ಬಿನ ಸೈಕಲ್ಲುಗಳ ಚೌಕಟ್ಟೆಲ್ಲ ಕತ್ತರಿಸಿ ಬಗ್ಗಿಸಿ ಕೂಡಿಸಿದವನು ನಾನೇ ಅಲ್ವಾ. ಹೊಸದಾಗಿ ಕೂಡಿಸೋವಾಗ ಮೊದಲು ನಾಲ್ಕು ಕಡೆ ಬರೀ ಟ್ಯಾಕ್ ಹೊಡೆಯೋದು, ಅಕ್ಕಿಕಾಳಿನಷ್ಟು ವೆಲ್ಡಿಂಗ್, ಆಕಾರ ಕೂತಿದೆಯಾ ನೋಡೋಕೆ. ಸರಿ ಅನ್ನಿಸಿದ ಮೇಲೆ ಸುತ್ತ ಪೂರ್ತಿ ಹೊಡೀಬೇಕು. ಆದ್ರೆ ಪೂರ್ತಿ ಹೊಡೆದರೆ ಕಾವಿಗೆ ತೆಳು ಕೊಳವೆ ಸೊಟ್ಟಗಾಗುತ್ತೆ, ಅಂದ ಕೆಡುತ್ತೆ. "ಬರೀ ನೋಡೋಕೆ ದೋನ್ ಕೂಕೊ, ಯಾರು ಹತ್ತುತ್ತಾರೆ ಇದನ್ನ? ಸೊಟ್ಟ ಮಾಡ್ಬೇಡಿ" ಅಂತ ಸೈಕಲ್ಲಿನವರು ನಂಗೆ ಅನ್ನೋರು. ನಾನೂ ಹೌದಪ್ಪ ಅಂತ ಕೆಲವಕ್ಕೆ ಟ್ಯಾಕಿನಲ್ಲೇ ಬಿಟ್ಟೆ. ಅದರ ಮೇಲೆ ಪುಟ್ಟಿ, ಪುಟ್ಟಿಯ ಮೇಲೆ ಒಂಬತ್ತು ಕೋಟು ಬಣ್ಣ. ಹೊರಗಿನಿಂದ ಯಾರಿಗೂ ಗೊತ್ತಾಗಲ್ಲ. ಯಾವುದಕ್ಕೆ ಪೂರ್ತಿ ಹೊಡೆದೆ, ಯಾವುದಕ್ಕೆ ಬಿಟ್ಟೆ, ಈಗ ನನಗೂ ನೆನಪಿಲ್ಲ.

ಈಗ ಅವನ್ನೆಲ್ಲ ಜನ ಹತ್ತಿ ಇಳಿಜಾರಿನಲ್ಲಿ ಬಿಡ್ತಾರಂತೆ. ಏನು ಮಾಡ್ಲಿ ಹೇಳು.

ದೇವಮಾತೆ ನಿನ್ನ ಕಾಯಲಿ.
ನಿನ್ನ ಅಪಾ,
ರೆಫೂಹಿಯೊ


ಪೂರ್ವ ಲಾಸ್ ಏಂಜಲೀಸ್
ಆಗಸ್ಟ್ 8, 1996, ಗುರುವಾರ

ಪ್ರೀತಿಯ ಮಗಳೇ,

ನಿನ್ನ ಉತ್ತರ ಬರೋ ಹೊತ್ತಿಗೆ ಮೆರವಣಿಗೆಯೇ ಮುಗಿದಿರುತ್ತೆ ಅಂತ ಗೊತ್ತಿದ್ದೂ ದಿನಾ ಅಂಚೆ ಡಬ್ಬಿ ಇಣುಕ್ತೀನಿ. ಚಾಯೋ ನಗ್ತಾಳೆ, "ಯಾವ ಹುಡುಗಿ ಕಾಗದ ಅಪಾ?" ಅಂತ. ಉತ್ತರ ಬರೋಕೆ ಮುಂಚೆ ಮತ್ತೆ ಬರೀತಿರೋದಕ್ಕೆ ಕ್ಷಮಿಸು. ಮನಸ್ಸಿನಲ್ಲಿ ಇಟ್ಕೊಂಡಿದ್ರೆ ಊಟ ಇಳಿಯಲ್ಲ.

ಲೆಕ್ಕ ಹಾಕಿ ನೋಡಿದೆ. ಹನ್ನೊಂದು ಸೈಕಲ್ಲಿನಲ್ಲಿ ಐದಕ್ಕೆ ಪೂರ್ತಿ ವೆಲ್ಡಿಂಗ್ ಆಗಿದೆ, ಆಣೆ ಮಾಡಿ ಹೇಳ್ತೀನಿ. ಉಳಿದ ಆರು ಅನುಮಾನ. ಒಂದೊಂದನ್ನೇ ಪರೀಕ್ಷೆ ಮಾಡೋಣ ಅಂತ ಹೊರಟೆ. ಬೇರಿಂಗಿಗೆ ಗ್ರೀಸ್ ಹಾಕ್ತೀನಿ, ಚೈನು ನೋಡ್ತೀನಿ ಅಂತ ಏನೇನೋ ನೆಪ. ಹ್ಯಾಂಡಲ್ಲಿನ ಕೆಳಗೆ ಕೊಳವೆಗಳು ಕೂಡೋ ಕುತ್ತಿಗೆಗೆ ನಾಣ್ಯದಿಂದ ತಟ್ಟಿ ಕಿವಿ ಇಡ್ತಿದ್ದೆ. ಗಟ್ಟಿ ಇದ್ರೆ ಠಣ್ ಅನ್ನಬೇಕು. ಪುಟ್ಟಿ ಮೆತ್ತಿದ್ದಕ್ಕೆ ಎಲ್ಲವೂ ಠಪ್ ಠಪ್ ಅಂದವು. ಬಣ್ಣ ಕೆರೆಯದೆ ತಿಳಿಯೋ ದಾರಿ ಇಲ್ಲ. ಬಣ್ಣ ಕೆರೀಬೇಕು ಅಂದ್ರೆ ಯಾಕೆ ಅಂತ ಹೇಳ್ಬೇಕು.

ಎಲೀಸಿಯೊನ ಮನೆಗೂ ಹೋದೆ. ಮಹಾರಾಣಿಯ ಮೇಲೆ ಹಾಸಿಗೆ ಹೊದಿಕೆ ಹೊದಿಸಿ ಇಟ್ಟಿದ್ದ. ನಾನು ಕೈ ಚಾಚಿದ ತಕ್ಷಣ, "ದೋನ್ ಕೂಕೊ, ಕೈ ತೊಳ್ಕೊಂಡ್ರಾ?" ಅಂದ. ತೊಳ್ಕೊಂಡೆ. ಆಮೇಲೆ ಬಿಳಿ ಹತ್ತಿ ಕೈಗವಸು ಕೊಟ್ಟ. ಹಾಕ್ಕೊಂಡೆ. ನಾಣ್ಯ ತೆಗೆದದ್ದು ನೋಡಿ, ಮಗುವಿಗೆ ಸೂಜಿ ಚುಚ್ಚೋಕೆ ಬಂದವನನ್ನ ತಡೆಯೋ ಹಾಗೆ ಮಧ್ಯೆ ಬಂದು ನಿಂತುಬಿಟ್ಟ.

"ಎಲೀಸಿಯೊ, ನೀನೇ ಹತ್ತುತ್ತೀಯೇನಪ್ಪ ಇದನ್ನ?"

"ಇನ್ಯಾರು? ದಿನಾ ಗೋಡೆ ಹಿಡ್ಕೊಂಡು ಅಭ್ಯಾಸ ಮಾಡ್ತಿದ್ದೀನಿ. ಬೀರು ಅಂದ್ನಲ್ಲ ಆ ಕ್ಷೌರದವನು, ಬೀರು ಹೆಂಗೆ ಓಡುತ್ತೆ ಅಂತ ತೋರಿಸ್ತೀನಿ."

ನಾಲ್ಕು ತಿಂಗಳ ಮಗುವನ್ನ ಎತ್ತಿಕೊಂಡು ಅವನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ನನಗೆ ಕಾಫಿ ಕೊಟ್ಟಳು, ಸಿಹಿ ಬನ್ನು ಕೊಟ್ಟಳು. ತಿಂದುಕೊಂಡು ಬಂದೆ. ಥೂ, ಎಂಥ ಹೇಡಿ ನಾನು!

ಕಳೆದ ವಾರದ ಸಭೆಯಲ್ಲಿ ಒಂದು ಪ್ರಯತ್ನ ಮಾಡಿದೆ. ಎದ್ದು ನಿಂತು, "ಕೆಲವು ಸೈಕಲ್ಲು ಬರೀ ಕಣ್ಣಿಗೆ ಅಂತ ಮಾಡಿದ್ದು, ಅವನ್ನ ಬಿಟ್ಟುಬಿಡಿ, ತಳ್ಳಿಕೊಂಡೇ ಬರಲಿ" ಅಂದೆ. ಚಾಯೋಗೆ ಜ್ಞಾನತಾಯಿಯಾದ ಸಲಿಗೆಯಲ್ಲಿ ನನ್ನನ್ನ ಕೊಂಪಾದ್ರೆ ಅಂತ ಕರೆಯೋ ಟೋನ್ಯಾ ಚಪ್ಪಾಳೆ ತಟ್ಟಿದಳು. "ಭೇಷ್ ಕೊಂಪಾದ್ರೆ! ಇಷ್ಟು ದಿನಕ್ಕೆ ಒಬ್ಬ ಗಂಡಸಿಗೆ ಬುದ್ಧಿ ಬಂತು."

ಎವರಾರ್ದೊ ಕತ್ತರಿ ಕೆಳಗಿಟ್ಟ. "ದೋನ್ ಕೂಕೊ, ಬೇರೆ ಯಾರಾದ್ರೂ ಹೇಳಿದ್ರೆ ಕೇಳ್ತಿದ್ದೆ. ನಿಮ್ಮ ಮನೇಲೇ ಮಗು ಕಾಲು ಮುರ್ಕೊಂಡಿದೆ. ಅಷ್ಟಾದ್ಮೇಲೂ ಅಂದದ ಪರ ಮಾತಾಡ್ತೀರಲ್ಲ, ನಿಮಗೆ ಏನನ್ನಬೇಕು?"

ಚಾಯೋ ಅಲ್ಲೇ ಕೂತಿದ್ದಳು. ಮನೆಗೆ ಬಂದ ಮೇಲೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ಮೊಟ್ಟೆಯ ತಟ್ಟೆ ಮುಂದಿಟ್ಟು ಹೇಳಿದಳು, "ಅಪಾ, ಮೆರವಣಿಗೆಯಲ್ಲಿ ಚಾಡಿಕೋರಿಯನ್ನ ನಾನು ಓಡಿಸ್ತೀನಿ. ಎವರಾರ್ದೊ ಮಾಮ ಮುಂದಿನ ಬ್ರೇಕು ಹಾಕಿಕೊಟ್ಟಿದ್ದಾರೆ. ನಾಲ್ಕು ವರ್ಷ ಆ ಬೀದಿ ತಪ್ಪಿಸಿ ಸುತ್ತು ಹಾಕ್ಕೊಂಡು ಓಡಾಡಿದ್ದೀನಿ, ಇನ್ನು ಸಾಕು. ಅಕ್ಕನಿಗೆ ಬರೀರಿ, ನಾನು ಅವಳ ಮೇಲೆ ಕೋಪ ಇಟ್ಕೊಂಡಿಲ್ಲ ಅಂತ."

ಬರೆದಿದ್ದೀನಿ ನೋಡು. ಚಾಡಿಕೋರಿಯ ಬಗ್ಗೆ ಹೆದರಬೇಡ. ಅಪಘಾತ ಆದ ದಿನವೇ ಅದನ್ನ ಸುತ್ತ ಪೂರ್ತಿ ಗಟ್ಟಿ ಮಾಡಿದ್ದೀನಿ. ಅದರ ಮೇಲೆ ಆನೆ ಕೂತರೂ ಮುರಿಯಲ್ಲ. ನನ್ನ ಭಯ ಆ ಆರರದ್ದು. ಮೆರವಣಿಗೆ ನಿಲ್ಲೋ ಹಾಗೆ ಆಗಸ್ಟಿನಲ್ಲಿ ಈ ಒಣ ಊರಿಗೆ ಮಳೆ ಬರಲಿ ಅಂತ ಹರಕೆ ಹೊತ್ತವನು ಇಡೀ ಚರ್ಚಿನಲ್ಲಿ ನಾನೊಬ್ಬನೇ ಇರಬೇಕು. ಆಕಾಶ ನೋಡಿದ್ರೆ ತೊಳೆದ ತಟ್ಟೆ ಹಾಗಿದೆ.

ಹೇಳಿದ್ರೆ ಏನಾಗುತ್ತೆ? ಮೂವತ್ತು ವರ್ಷ ಸೈಲೆನ್ಸರ್ ಅಂಗಡಿಯಲ್ಲಿ ವೆಲ್ಡಿಂಗ್ ಮಾಡಿದವನು, ಕೂಡಿಸಿದ್ದು ಕಳಚಲ್ಲ ಅಂತ ಹೆಸರು. ಆ ಹೆಸರು ಹೋಗುತ್ತೆ. ಹೇಳದಿದ್ರೆ ಯಾರೋ ಒಬ್ಬರು ಬೀಳ್ತಾರೆ. ಇಷ್ಟೇ ವಿಷಯ, ಎರಡರಲ್ಲಿ ಒಂದು. ಆದ್ರೂ ಬೆಳಿಗ್ಗೆ ಎದ್ದರೆ ಹೇಳ್ತೀನಿ ಅನ್ಸುತ್ತೆ, ಸಂಜೆಗೆ ನಾಳೆ ನೋಡೋಣ ಅನ್ಸುತ್ತೆ.

ಪ್ರಾರ್ಥನೆಯಲ್ಲಿ ನನ್ನನ್ನ ಸೇರಿಸ್ಕೋ.
ನಿನ್ನ ಅಪಾ


ಪೂರ್ವ ಲಾಸ್ ಏಂಜಲೀಸ್
ಆಗಸ್ಟ್ 19, 1996, ಸೋಮವಾರ

ನನ್ನ ಮಾರಿಸೆಲಾ,

ಮೊದಲು ಇದನ್ನ ಓದಿ ಉಸಿರು ಬಿಡು. ಯಾರೂ ಬೀಳಲಿಲ್ಲ.

ಶುಕ್ರವಾರ ಕೊನೇ ಸಭೆ. ಎವರಾರ್ದೊ ಸಾಲಿನ ಕ್ರಮ ಓದ್ತಿದ್ದ, ಯಾರ ಹಿಂದೆ ಯಾರು ಅಂತ. "ಎಲ್ಲಕ್ಕಿಂತ ಮುಂದೆ ಮಹಾರಾಣಿ" ಅಂದ. ಬೀರು ಅಂದಿದ್ದಕ್ಕೆ ಪ್ರಾಯಶ್ಚಿತ್ತವಂತೆ. ಎಲೀಸಿಯೊ ಹಲ್ಲೆಲ್ಲ ತೋರಿಸಿಕೊಂಡು ಎದ್ದು ನಿಂತು ಸಲಾಮು ಹೊಡೆದ. ಮಡಿಲಲ್ಲಿ ಆ ಮಗು ಇಟ್ಕೊಂಡು ಅವನ ಹೆಂಡತಿ ಚಪ್ಪಾಳೆ ತಟ್ಟಿದಳು. ನನ್ನ ಬಾಯಿ ತಾನಾಗಿ ತೆರೀತು.

"ಮಹಾರಾಣಿಯ ಕುತ್ತಿಗೆಗೆ ನಾನು ಟ್ಯಾಕ್ ಮಾತ್ರ ಹೊಡೆದಿರಬಹುದು" ಅಂದೆ.

ಎವರಾರ್ದೊ ಓದ್ತಿದ್ದ ಹಾಳೆ ಕೆಳಗಿಳಿಸಿದ.

"ಹೊಡೆದಿರಬಹುದು ಅಂದ್ರೆ?" ಎಲೀಸಿಯೊ ಕೇಳಿದ.

"ಅಂದ್ರೆ ನಂಗೆ ನೆನಪಿಲ್ಲಪ್ಪ. ನಿನ್ನದೂ, ಇನ್ನೂ ಐದು ಸೈಕಲ್ಲೂ. ಬಣ್ಣ ಕೆರೆದು ನೋಡಬೇಕು."

ಟೋನ್ಯಾ ಎದೆಯ ಮೇಲೆ ಶಿಲುಬೆ ಗುರುತು ಹಾಕ್ಕೊಂಡಳು. ಎಲೀಸಿಯೊ ಕುರ್ಚಿ ಒದ್ದ. "ಒಂಬತ್ತು ಕೋಟು ದೋನ್ ಕೂಕೊ! ಒಂಬತ್ತು ಕೋಟು! ಎರಡು ದಿನ ಇದೆ ಅನ್ನೋವಾಗ ಬಾಯಿ ಬಿಡ್ತೀರಾ? ನಮ್ಮನೇಗೆ ಬಂದು ಬನ್ನು ತಿಂದು ಹೋದ್ರಲ್ಲ, ಆಗ ಏನಾಗಿತ್ತು ನಾಲಿಗೆಗೆ?" ನಾನು ಅವನು ಒದ್ದ ಕುರ್ಚಿ ಎತ್ತಿ ನಿಲ್ಲಿಸಿದೆ.

ಶನಿವಾರ ಬೆಳಿಗ್ಗೆ ಆರೂ ಸೈಕಲ್ಲು ನಮ್ಮ ಗ್ಯಾರೇಜಿಗೆ ಬಂದವು. ಹೆಣ ನೋಡೋಕೆ ಬಂದವರ ಹಾಗೆ ಎಲ್ಲರೂ ಗೋಡೆ ಹಿಡಿದು ನಿಂತರು. ಒಂದೊಂದರ ಕುತ್ತಿಗೆಯನ್ನೂ ಅಂಗೈಯಗಲ ಕೆರೆದೆ. ನಾಲ್ಕು ಗಟ್ಟಿ ಇದ್ದವು. ಒಂದು ಟ್ಯಾಕಿನದ್ದು. ಕೊನೆಯದು ಮಹಾರಾಣಿ. ದ್ರಾಕ್ಷಿ ಬಣ್ಣದ ಪುಡಿ ನೆಲದ ಮೇಲೆ ಉದುರ್ತಾ ಇದ್ರೆ ಎಲೀಸಿಯೊ ಮುಖ ತಿರುಗಿಸಿಕೊಂಡು ನಿಂತಿದ್ದ. ಪುಟ್ಟಿ ಎದ್ದು ಬಂತು. ನಾಲ್ಕೇ ನಾಲ್ಕು ಚುಕ್ಕಿ. ಅದರಲ್ಲೊಂದು ಆಗಲೇ ಬಿರುಕು ಬಿಟ್ಟಿತ್ತು, ಗೋಡೆ ಹಿಡ್ಕೊಂಡು ಅಭ್ಯಾಸ ಮಾಡಿದ್ದಕ್ಕೇ. ನಾನು ಬೆರಳಿಟ್ಟು ತೋರಿಸಿದೆ. ಎಲೀಸಿಯೊ ಬಗ್ಗಿ ನೋಡಿ, ಹಾಗೇ ನೆಲದ ಮೇಲೆ ಕೂತುಬಿಟ್ಟ. ಬಯ್ಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

ಎರಡನ್ನೂ ಸುತ್ತ ಪೂರ್ತಿ ಹೊಡೆದೆ. ಮಹಾರಾಣಿಯ ಕುತ್ತಿಗೆ ಒಂದು ಚೂರು ವಾಲಿತು, ಯಾರೋ ಕರೆದಿದ್ದಕ್ಕೆ ತಿರುಗಿ ನೋಡಿದ ಹಾಗೆ. ಬಣ್ಣ ಬಳಿಯೋಕೆ ಹೊತ್ತಿರಲಿಲ್ಲ. ಟೋನ್ಯಾ ಉಳಿದ ವೆಲ್ವೆಟ್ ಚೂರು ತಂದು ಬೂದು ಕಬ್ಬಿಣಕ್ಕೆ ಮಫ್ಲರ್ ಸುತ್ತಿದ ಹಾಗೆ ಸುತ್ತಿ ಹೊಲಿದಳು. "ನೆಗಡಿಯಾಗಿದೆ ಅಂತ ಹೇಳು ಕೇಳಿದೋರಿಗೆ" ಅಂದಳು ಎಲೀಸಿಯೊಗೆ. ಅವನು ಆಗ ಸ್ವಲ್ಪ ನಕ್ಕ.

ಭಾನುವಾರ ಬೀದಿ ತುಂಬ ಜನ. ಎಲೀಸಿಯೊ ಶರಣಾದವನ ಹಾಗೆ ಎರಡೂ ಕೈ ಮೇಲೆತ್ತಿ ಹ್ಯಾಂಡಲ್ಲು ಹಿಡಿದು ಇಳಿಜಾರು ಇಳಿದ. ಮೂವತ್ತಾರು ಕನ್ನಡಿಯಲ್ಲೂ ಸೂರ್ಯ ಹೊಳೀತಿದ್ದ. ಕಾರಂಜಿ ನೀರು ಬೆನ್ನ ಮೇಲೆಲ್ಲ ಚೆಲ್ಲಿ ಪ್ಯಾಂಟು ಒದ್ದೆ. "ಇದಕ್ಕೇ ನೋಡು ಬೀರಿಗೆ ಕಾರಂಜಿ ಇಡಬಾರದು ಅನ್ನೋದು" ಅಂತ ಎವರಾರ್ದೊ ಕೂಗಿದ. "ಬಾಯಿ ಮುಚ್ಚು, ಎಷ್ಟು ಚೆಂದ ಕಾಣ್ತಿದೆ" ಅಂತ ಟೋನ್ಯಾ ಅವನಿಗಿಂತ ಜೋರಾಗಿ ಕೂಗಿದಳು. ಆ ಜಗಳ ಅವರಿಬ್ಬರು ಸಾಯೋ ತನಕ ಮುಗಿಯಲ್ಲ ಬಿಡು.

ಹಿಂದೆ ನಮ್ಮ ಚಾಯೋ. ಔಷಧಿ ಅಂಗಡಿಯ ತಿರುವಿನಲ್ಲಿ ನಾನು ಮೊದಲೇ ಹೋಗಿ ನಿಂತಿದ್ದೆ. ಅವಳು ಬ್ರೇಕು ಹಿಡಿದಳು, ನಿಧಾನ ಮಾಡಿದಳು, ತಿರುಗಿದಳು, ನನ್ನ ಕಡೆ ನೋಡಲೂ ಇಲ್ಲ, ಮುಂದೆ ನೋಡಿಕೊಂಡೇ ಹೋದಳು. ನಿನ್ನಮ್ಮ ಇದ್ದಿದ್ರೆ ಬೀದಿಯಲ್ಲೇ ಕೂತು ಅಳ್ತಿದ್ದಳು. ಅವಳ ಪಾಲಿನದ್ದನ್ನೂ ನಾನೇ ಅತ್ತೆ.

ಪಾರ್ಕಿನಲ್ಲಿ ಎವರಾರ್ದೊ ಮೈಕು ಹಿಡಿದು, "ತನ್ನ ತಪ್ಪನ್ನ ತಾನೇ ಹೇಳ್ಕೊಳ್ಳೋ ಗಂಡಸು ಇನ್ನೂ ಇದ್ದಾನೆ" ಅಂದ. ನನ್ನ ಹೆಸರು ಕೂಗಿದ. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು, ಎಲೀಸಿಯೊ ಸಹ. ಚಾಯೋ ಬಂದು ನನ್ನ ಕೆನ್ನೆಗೆ ಮುತ್ತಿಟ್ಟಳು. ಹೋಗುತ್ತೆ ಅಂದ್ಕೊಂಡ ಹೆಸರು ಹೋಗಲಿಲ್ಲ, ಇನ್ನಷ್ಟು ಬೆಳೆದುಬಿಟ್ಟಿತು.

ಹುಷಾರಾಗಿರು ಮಗಳೇ. ಸಮುದ್ರದ ಗಾಳಿಗೆ ತಲೆ ಒದ್ದೆ ಇಟ್ಕೋಬೇಡ. ನೀನು ಹೆಜ್ಜೆ ಇಟ್ಟ ಕಡೆಯೆಲ್ಲ ದೇವರು ನಿನಗಿಂತ ಮುಂದೆ ಹೋಗಿ ನಿಂತಿರಲಿ.

ನಿನ್ನ ಅಪಾ,
ರೆಫೂಹಿಯೊ ಬರ್ರಾಗಾನ್

ಮರೆತಿದ್ದು: ಮರೆತಿದ್ದಲ್ಲ. ಬರೆಯೋಕೆ ಆಗದೆ ಇಲ್ಲಿಗೆ ತಳ್ಳಿದ್ದು.

ಶುಕ್ರವಾರದ ಸಭೆಯಲ್ಲಿ ಟೋನ್ಯಾ ಕೇಳಿದಳು, "ಕೊಂಪಾದ್ರೆ, ಚಾಡಿಕೋರಿ? ಅದಕ್ಕೂ ಹಾಗೇ ಮಾಡಿದ್ರಾ?" ಚಾಯೋ ನನ್ನ ಪಕ್ಕದಲ್ಲೇ ಕೂತಿದ್ದಳು. "ಅದು ಮೊದಲಿಂದಲೂ ಪೂರ್ತಿ ವೆಲ್ಡಿಂಗ್" ಅಂದೆ. ಆ ಬಾಯಿಗೇ ಅವರೆಲ್ಲ ಭಾನುವಾರ ಚಪ್ಪಾಳೆ ತಟ್ಟಿದ್ದು.

ಮಾರಿಸೆಲಾ, ಅದು ಬ್ರೇಕಿನಿಂದ ಆಗಿದ್ದಲ್ಲ. ಆಗ ನಿನಗೆ ಹದಿನೆಂಟು ವರ್ಷ. ಆ ಚೌಕಟ್ಟು ತಂದು ಕೊಟ್ಟು ಸಂಜೆ ಬಂದು ಕೇಳಿದೆ, "ಅಪಾ, ಪೂರ್ತಿ ಆಯ್ತಾ?" ಅಂತ. ಟೀವಿಯಲ್ಲಿ ಬಾಕ್ಸಿಂಗ್ ಶುರುವಾಗೋದ್ರಲ್ಲಿತ್ತು. "ಆಯ್ತು" ಅಂದೆ. ನಾಲ್ಕು ಟ್ಯಾಕ್ ಆಗಿತ್ತು, ಅಷ್ಟೇ. ನೀನು ನಂಬಿ ಪುಟ್ಟಿ ಬಳಿದೆ. ಅಪಘಾತದ ದಿನ ನೀವೆಲ್ಲ ಆಸ್ಪತ್ರೆಯಲ್ಲಿದ್ದಾಗ ಸೈಕಲ್ಲು ತರೋಕೆ ನಾನೊಬ್ಬನೇ ಹೋದೆ. ಕುತ್ತಿಗೆ ಮುರಿದು ಎರಡಾಗಿತ್ತು, ನೋಡಿದವರು ಗೋಡೆಗೆ ಹೊಡೆದು ಮುರೀತು ಅಂದ್ಕೊಂಡಿದ್ರು. ಮುರಿದ ಕೊಳವೆ ಟಾರಿನಲ್ಲಿ ಕೊರೆದ ಗೀರು ತಿರುವಿಗಿಂತ ಮೂವತ್ತು ಹೆಜ್ಜೆ ಮೇಲೇ ಶುರುವಾಗಿತ್ತು. ಬ್ರೇಕು ಹಿಡಿಯೋ ಹೊತ್ತಿಗೆ ನಿನ್ನ ತಂಗಿಯ ಕೆಳಗೆ ಸೈಕಲ್ಲೇ ಇರಲಿಲ್ಲ. ಎರಡು ಬ್ರೇಕು ಇದ್ದಿದ್ರೂ ಅವಳು ಬೀಳ್ತಿದ್ದಳು. ಮನೆಗೆ ತಂದು, ಯಾರೂ ಬರೋದರೊಳಗೆ ಚುಕ್ಕಿಗಳನ್ನ ಉಜ್ಜಿ ಹಾಕಿ ಪೂರ್ತಿ ಹೊಡೆದೆ. ಆಮೇಲೆ ಆಸ್ಪತ್ರೆಗೆ ಬಂದೆ. ನೀನು ಅವಳ ಮಂಚದ ಪಕ್ಕ ಮಂಡಿಯೂರಿ, "ನನ್ನದೇ ತಪ್ಪು, ನನ್ನದೇ ತಪ್ಪು" ಅಂತ ಹಣೆ ಚಚ್ಚಿಕೊಳ್ತಿದ್ದೆ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಮುಂದಿನ ವರ್ಷ ನೀನು ನೌಕಾಪಡೆ ಸೇರ್ತೀನಿ ಅಂದಾಗಲೂ ನೋಡಿದೆ.

ಕ್ಷಮಿಸು ಅಂತ ಬರೆಯೋಕೆ ನಂಗೆ ಮುಖ ಇಲ್ಲ. ಚಾಯೋಗೆ ಎದುರಿಗೆ ನಿಂತು ಹೇಳೋ ಧೈರ್ಯವೂ ಇಲ್ಲ, ಬೆಳಿಗ್ಗೆಯಿಂದ ಮೂರು ಸಲ ಅಡುಗೆಮನೆ ಬಾಗಿಲ ತನಕ ಹೋಗಿ ಬಂದೆ. ಈಗ ಅವಳು ಅಂಚೆ ಕಚೇರಿಗೆ ಹೊರಟಿದ್ದಾಳೆ. ಈ ಕಾಗದವನ್ನ ಲಕೋಟೆಗೆ ಹಾಕಿ, ಅಂಟಿಸದೆ, "ಓದಿ ಅಂಟಿಸು" ಅಂತ ಅವಳ ಕೈಗೇ ಕೊಡ್ತಿದ್ದೀನಿ.